ಆಸ್ತಮಾ ಬಳಗ: ಉಪನ್ಯಾಸ ಕೇಳಿದವರೇ ಇನ್ಹೇಲರ್ ಬಿಟ್ಟರೆ ಮುಂದೇನು ಮಾಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತು ವರ್ಷದ ಮಗಳಿಗೆ ಆಸ್ತಮಾ ಇದೆ. ಇದೇ ತೊಂದರೆಯಿರುವ ಹನ್ನೆರಡು ಕುಟುಂಬದವರು ಒಂದು ಬಳಗ ಕಟ್ಟಿಕೊಂಡು, ಆರು ತಿಂಗಳಿಂದ ತಿಂಗಳಿಗೊಮ್ಮೆ ಸೇರುತ್ತಿದ್ದೇವೆ. ಎರಡು ಸಲ ವೈದ್ಯರನ್ನು ಕರೆಸಿ ಉಪನ್ಯಾಸ ಮಾಡಿಸಿದೆವು, ಕರಪತ್ರ ಹಂಚಿದೆವು, ಎಲ್ಲರೂ ತಲೆದೂಗಿದರು. ಆದರೆ ಆ ಎರಡೂ ಉಪನ್ಯಾಸಗಳನ್ನು ಮುಂದಿನ ಸಾಲಿನಲ್ಲೇ ಕುಳಿತು ಕೇಳಿದ್ದ ಹಿರಿಯರೊಬ್ಬರನ್ನು ಹೋದ ವಾರ ನಡುರಾತ್ರಿ ಉಸಿರು ಸಿಗದೆ ಆಸ್ಪತ್ರೆಗೆ ಸೇರಿಸಬೇಕಾಯಿತು. ದಿನವೂ ತೆಗೆದುಕೊಳ್ಳಬೇಕಾದ ಇನ್ಹೇಲರನ್ನು ಅವರು ಎರಡು ತಿಂಗಳ ಹಿಂದೆಯೇ ಬಿಟ್ಟಿದ್ದರಂತೆ. "ಆರಾಮಾಗಿಯೇ ಇದ್ದೆನಲ್ಲ, ಸುಮ್ಮನೆ ಸ್ಟೀರಾಯ್ಡ್ ಏಕೆ ಎಂದುಕೊಂಡೆ" ಎಂದರು. ಅಂದಿನಿಂದ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಕಿವಿಗೆ ಬಿದ್ದ ಮಾತು ದಿನನಿತ್ಯದ ರೂಢಿಯಾಗಬೇಕಾದರೆ ನಾವು ಏನು ಮಾಡಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ಶ್ವಾಸಕೋಶ ವಿಭಾಗದ ಶುಶ್ರೂಷಕಿ

ಮುಂದಿನ ಸಭೆಗೆ ಭಾಷಣಕಾರರನ್ನು ಕರೆಯಬೇಡಿ. ಪ್ರತಿಯೊಬ್ಬರಿಗೂ ಅವರವರ ಇನ್ಹೇಲರ್ ಮತ್ತು ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ತರಲು ಹೇಳಿ, "ನೀವು ಹೇಗೆ ತೆಗೆದುಕೊಳ್ಳುತ್ತೀರಿ, ತೋರಿಸಿ" ಎಂದು ಕೇಳಿ, ಅವರು ತೋರಿಸಿ ಮುಗಿಸುವವರೆಗೆ ಬಾಯಿ ಹಾಕದೆ ನೋಡಿ. ಇನ್ಹೇಲರ್ ಬಳಸುವವರಲ್ಲಿ ಶೇಕಡಾ 70ರಿಂದ 80ರವರೆಗೂ ಮಂದಿ ಅದನ್ನು ಸರಿಯಾಗಿ ಬಳಸುವುದಿಲ್ಲವೆಂದು ಜಾಗತಿಕ ಆಸ್ತಮಾ ಮಾರ್ಗಸೂಚಿಗಳೇ ಹೇಳುತ್ತವೆ. ನನ್ನ ಕಣ್ಣಿಗೆ ಬಿದ್ದದ್ದೂ ಅದೇ. ನಾಲ್ಕು ವರ್ಷಗಳಿಂದ ಇನ್ಹೇಲರ್ ಬಳಸುತ್ತಿದ್ದ ಒಬ್ಬ ತಾಯಿ ನನ್ನೆದುರು ಡಬ್ಬಿಯನ್ನು ಒತ್ತಿದರು. ಉಸಿರೆಳೆಯುವುದು ಅರೆಕ್ಷಣ ತಡವಾಯಿತು. ಬಿಳಿಯ ಹೊಗೆಯಂಥ ಔಷಧಿ ತುಟಿಯ ಅಂಚಿನಿಂದ ಹೊರಗೆ ಬಂದು ಗಾಳಿಯಲ್ಲಿ ಕರಗಿಹೋಯಿತು. ನಾಲ್ಕು ವರ್ಷ ಅವರ ಔಷಧಿಯ ಬಹುಭಾಗ ಹೋದದ್ದು ಹಾಗೆಯೇ.

ಒತ್ತುವ ಇನ್ಹೇಲರ್ ಆದರೆ ಮೊದಲು ಅಲುಗಿಸಿ, ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ಒತ್ತುತ್ತಲೇ ನಿಧಾನವಾಗಿ ಆಳವಾಗಿ ಎಳೆದುಕೊಂಡು, ಸಾಧ್ಯವಾದರೆ ಹತ್ತು ಸೆಕೆಂಡು ಹಿಡಿದಿಡಬೇಕು. ಪುಡಿಯ ಇನ್ಹೇಲರ್‌ಗೆ ಇದಕ್ಕೆ ವಿರುದ್ಧವಾಗಿ ಜೋರಾಗಿ, ರಭಸದಿಂದ ಎಳೆಯಬೇಕು. ಎರಡನ್ನೂ ಬಳಸುವವರು ಇಲ್ಲಿಯೇ ಗೊಂದಲಕ್ಕೆ ಬೀಳುತ್ತಾರೆ. ಇಂದು ಸರಿಪಡಿಸಿದರೂ ಕೆಲವೇ ವಾರಗಳಲ್ಲಿ ಹಳೆಯ ತಪ್ಪು ಮರಳಿ ಬರುತ್ತದೆ. ಆದ್ದರಿಂದ ಪ್ರತಿ ಸಭೆಯನ್ನೂ ಈ ಪರೀಕ್ಷೆಯಿಂದಲೇ ಆರಂಭಿಸಿ.

ಉತ್ತರ: ಮೂವತ್ತು ವರ್ಷಗಳಿಂದ ಆಸ್ತಮಾ ಇರುವವನು

ಆ ಹಿರಿಯರು ಮಾಡಿದ್ದನ್ನೇ ನಾನೂ ಮೂರು ಸಲ ಮಾಡಿದ್ದೇನೆ, ಆದ್ದರಿಂದ ದಯವಿಟ್ಟು ಅವರನ್ನು ಯಾರೂ ಗದರಿಸಬೇಡಿ. ಉಬ್ಬಸ ಬಂದಾಗ ತೆಗೆದುಕೊಳ್ಳುವ ಸಾಲ್ಬುಟಮಾಲ್ ಇನ್ಹೇಲರ್ ಕೆಲವೇ ನಿಮಿಷಗಳಲ್ಲಿ ಎದೆಯನ್ನು ಹಗುರ ಮಾಡುತ್ತದೆ, ಹಾಗಾಗಿ ನಮಗೆ ಅದರ ಮೇಲೆ ನಂಬಿಕೆ. ದಿನನಿತ್ಯದ ಸ್ಟೀರಾಯ್ಡ್ ಇನ್ಹೇಲರ್ ತೆಗೆದುಕೊಂಡಾಗ ಏನೂ ಅನ್ನಿಸುವುದಿಲ್ಲ. ಶ್ವಾಸನಾಳದ ಉರಿಯೂತವನ್ನು ಅದು ದಿನಗಳಲ್ಲಿ, ವಾರಗಳಲ್ಲಿ ಶಮನ ಮಾಡುತ್ತದೆ, ಬಿಟ್ಟಾಗಲೂ ಉರಿಯೂತ ತಕ್ಷಣ ತಲೆಯೆತ್ತುವುದಿಲ್ಲ. ಬಿಟ್ಟ ಮೇಲೂ ಕೆಲವು ವಾರ ಆರಾಮಾಗಿರುವುದೇ ನಮ್ಮನ್ನು ಮೋಸಗೊಳಿಸುತ್ತದೆ.

ಸ್ಟೀರಾಯ್ಡ್ ಭಯಕ್ಕೆ ನನಗೆ ಮದ್ದಾದದ್ದು ಒಂದು ಸರಳ ಲೆಕ್ಕ. ನಾನು ಇನ್ಹೇಲರ್‌ನಲ್ಲಿ ಎಳೆದುಕೊಳ್ಳುವ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ದಿನಕ್ಕೆ 400 ಮೈಕ್ರೋಗ್ರಾಂ. ಅದನ್ನು ಬಿಟ್ಟು ಉಬ್ಬಸ ಉಲ್ಬಣಿಸಿದಾಗ ವೈದ್ಯರು ಕೊಟ್ಟ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ, ಅಂದರೆ ತೂಕದ ಲೆಕ್ಕದಲ್ಲಿ ನೂರು ಪಟ್ಟು, ಅದೂ ಇಡೀ ಮೈಗೆ. ಸ್ಟೀರಾಯ್ಡ್‌ಗೆ ಹೆದರಿ ಓಡಿದವನು ದೊಡ್ಡ ಸ್ಟೀರಾಯ್ಡ್‌ನ ಬಾಯಿಗೇ ಬಿದ್ದಿದ್ದೆ. ಇನ್ಹೇಲರ್ ನಂತರ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಯ ಹುಣ್ಣು, ನಾಲಿಗೆಯ ಮೇಲೆ ಬಿಳಿ ಪದರ ಕಟ್ಟುವ ತೊಂದರೆಯೂ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನೊಂದು ಮಾತು. ಸಾಲ್ಬುಟಮಾಲ್ ಡಬ್ಬಿ ವರ್ಷಕ್ಕೆ ಎಷ್ಟು ಖಾಲಿಯಾಯಿತು ಎಂದು ಪ್ರತಿಯೊಬ್ಬರನ್ನೂ ಕೇಳಿ. ಸಾಮಾನ್ಯವಾಗಿ ಒಂದು ಡಬ್ಬಿಯಲ್ಲಿ 200 ಪಫ್ (ಒಮ್ಮೆ ಒತ್ತಿದಾಗ ಹೊರಬರುವ ಔಷಧಿ ಒಂದು ಪಫ್) ಇರುತ್ತವೆ. ವರ್ಷಕ್ಕೆ ಮೂರು ಅಥವಾ ಹೆಚ್ಚು ಡಬ್ಬಿ ಮುಗಿಯುತ್ತಿದ್ದರೆ ಉಬ್ಬಸ ಉಲ್ಬಣಿಸುವ ಅಪಾಯ ಹೆಚ್ಚು, ವೈದ್ಯರನ್ನು ಕಾಣಲೇಬೇಕು. ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಚಿಕಿತ್ಸೆ ಮಾಡಬಾರದೆಂದು 2019ರಿಂದ ಜಾಗತಿಕ ಮಾರ್ಗಸೂಚಿಯಲ್ಲೇ ಇದೆ.

ಉತ್ತರ: ಶಾಲಾ ಶಿಕ್ಷಕಿ

ನಿಮ್ಮ ಮಗಳ ಶಾಲೆಯನ್ನು ಮರೆಯಬೇಡಿ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಮಕ್ಕಳ ಇನ್ಹೇಲರ್‌ಗಳನ್ನು ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಒಬ್ಬ ಹುಡುಗ ಆಟದ ಮೈದಾನದಲ್ಲಿ ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಭುಜಗಳನ್ನು ಎತ್ತಿ ಎತ್ತಿ ಉಸಿರೆಳೆಯುತ್ತಿದ್ದಾಗ ನಾವು ಬೀಗದ ಕೈ ಹುಡುಕುತ್ತಿದ್ದೆವು. ಅವನು ಚೇತರಿಸಿಕೊಂಡ, ಆದರೆ ಆ ಕೆಲವು ನಿಮಿಷಗಳನ್ನು ನಾನು ಮರೆತಿಲ್ಲ. ಇನ್ಹೇಲರ್ ಮಗುವಿನ ಕೈಗೆಟಕುವಲ್ಲಿ ಇರಬೇಕು. ತುರ್ತಿನಲ್ಲಿ ಏನು ಮಾಡಬೇಕೆಂಬ ವೈದ್ಯರ ಲಿಖಿತ ಯೋಜನೆ ತರಗತಿಯ ಶಿಕ್ಷಕರ ಬಳಿ ಇರಬೇಕು. ಆಸ್ಟ್ರೇಲಿಯಾದಲ್ಲಿ ಕಲಿಸುವ ಪ್ರಥಮ ಚಿಕಿತ್ಸೆಯ ಕ್ರಮ ನೆನಪಿಡಲು ಸುಲಭ: ಮಲಗಿಸದೆ ನೆಟ್ಟಗೆ ಕೂರಿಸಿ, ಸ್ಪೇಸರ್ ಮೂಲಕ ಸಾಲ್ಬುಟಮಾಲ್‌ನ ನಾಲ್ಕು ಪಫ್‌ಗಳನ್ನು ಒಂದೊಂದಾಗಿ ಕೊಡುವುದು, ಪ್ರತಿ ಪಫ್‌ಗೆ ನಾಲ್ಕು ಉಸಿರು, ನಂತರ ನಾಲ್ಕು ನಿಮಿಷ ಕಾಯುವುದು, ಉಸಿರಾಟ ಸರಿಹೋಗದಿದ್ದರೆ ಇನ್ನೂ ನಾಲ್ಕು ಪಫ್ ಕೊಡುವುದು, ಆಗಲೂ ಸರಿಹೋಗದಿದ್ದರೆ ಆಂಬ್ಯುಲೆನ್ಸ್ ಕರೆದು, ಅದು ಬರುವವರೆಗೆ ಅದೇ ಕ್ರಮವನ್ನು ಮುಂದುವರಿಸುವುದು. ಮಾತನಾಡಲಾಗದಷ್ಟು ಏದುಸಿರು ಇದ್ದರೆ ಅಥವಾ ತುಟಿ ನೀಲಿಗಟ್ಟಿದ್ದರೆ ಮೊದಲೇ ಆಂಬ್ಯುಲೆನ್ಸ್ ಕರೆಯಿರಿ.

ಪ್ರಶ್ನೆ ಕೇಳಿದವರು

ನಿಮ್ಮೆಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಇದನ್ನೆಲ್ಲ ಓದಿದ ಕೂಡಲೇ ಮಗಳಿಗೆ ಇನ್ಹೇಲರ್ ತೆಗೆದುಕೊಂಡು ತೋರಿಸಲು ಹೇಳಿದೆ. ಅವಳು ಅದನ್ನು ಅಲುಗಿಸಲೇ ಇಲ್ಲ, ನಾನೂ ಇಷ್ಟು ದಿನ ಗಮನಿಸಿರಲಿಲ್ಲ. ಮುಂದಿನ ಸಭೆಯಲ್ಲಿ ನಮ್ಮಿಬ್ಬರಿಂದಲೇ ಆರಂಭ. ಬಳಗಕ್ಕೆ ಒಂದು ಪೀಕ್ ಫ್ಲೋ ಮೀಟರ್ (ಊದಿದ ಉಸಿರಿನ ವೇಗ ಅಳೆಯುವ ಸಾಧನ) ಕೊಳ್ಳುವುದರಿಂದ ಪ್ರಯೋಜನವಿದೆಯೇ?

ಉತ್ತರ: ಶ್ವಾಸಕೋಶ ವಿಭಾಗದ ಶುಶ್ರೂಷಕಿ

ಎಲ್ಲರಿಗೂ ಸೇರಿ ಒಂದರಿಂದ ಹೆಚ್ಚು ಉಪಯೋಗವಿಲ್ಲ, ಏಕೆಂದರೆ ಒಬ್ಬರ ಅಂಕಿಯನ್ನು ಅವರದೇ ಅತ್ಯುತ್ತಮ ಅಂಕಿಯ ಜೊತೆಗೆ ಹೋಲಿಸಬೇಕು. ಹಾಗಾಗಿ ಪದೇ ಪದೇ ಉಲ್ಬಣವಾಗುವವರು ಮನೆಯಲ್ಲಿ ಸ್ವಂತದ್ದೊಂದನ್ನು ಇಟ್ಟುಕೊಳ್ಳುವುದು ಮೇಲು. ಮೂರು ಸಲ ಊದಿ, ಅತಿ ಹೆಚ್ಚಿನ ಅಂಕಿಯನ್ನು ಬರೆದಿಡಬೇಕು. ಅತ್ಯುತ್ತಮ ಅಂಕಿಯ ಶೇಕಡಾ 80ಕ್ಕಿಂತ ಕೆಳಗಿಳಿದರೆ ಎಚ್ಚರ, 50ಕ್ಕಿಂತ ಕೆಳಗಿಳಿದರೆ ತುರ್ತು ಪರಿಸ್ಥಿತಿ ಎಂಬುದು ಸಾಮಾನ್ಯ ಲೆಕ್ಕ. ನಿಖರವಾದ ಮಿತಿಗಳನ್ನು ಅವರವರ ವೈದ್ಯರು ಯೋಜನೆಯಲ್ಲಿ ಬರೆದುಕೊಡಲಿ. ಅಂದ ಹಾಗೆ, ಸಭೆಯಲ್ಲಿ ಸ್ಪೇಸರ್‌ಗಳನ್ನೂ ನೋಡುತ್ತೀರಲ್ಲ, ಅವುಗಳನ್ನು ತಿಂಗಳಿಗೊಮ್ಮೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಲು ಬಿಡಬೇಕು. ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಾಯೀ ವಿದ್ಯುತ್ ಉಂಟಾಗಿ, ಔಷಧಿ ಅದರ ಗೋಡೆಗೇ ಅಂಟಿಕೊಳ್ಳುತ್ತದೆ.