ಗುಡಿ ಕಲ್ಲು ಉದುರಾಕ ನಮ್ಮ ಕಬ್ಬು ಕಾರಣಾನ?

ಎರಿಹೊಲದಾಂವ:
ಐಹೊಳಿ ಕಡೆ ನಮ್ಮ ಹೊಲದ ಬದುವಿಗೆ ಹತ್ತಿ ಒಂದು ಹಳೇ ಗುಡಿ ಐತಿ. ಮೊದ್ಲ ಜ್ವಾಳ, ಕಡ್ಲಿ ಬೆಳಿತಿದ್ವಿ. ಬೋರ್ ಹಾಕ್ಸಿ ಕಬ್ಬು ಹಚ್ಚಿದ ಮ್ಯಾಲೆ ಗ್ವಾಡಿ ಬುಡಕ್ಕ ಬಿಳಿ ಪುಡಿ ಕಾಣಾಕತ್ತೈತಿ, ಕೈಯಾಡಿಸಿದ್ರ ಮರಳು ಉದುರ್ತೈತಿ. ಮೂರ್ತಿ ಕಾಲು ಸವದಾವು, ಮಾರಿ ನೆಟ್ಟಗೈತಿ. ಊರಾಗ ಎಲ್ಲಾರೂ ನನ್ನ ಕಡೇನ ಬಟ್ಟು ಮಾಡ್ತಾರ. ಖರೇ ಏನ್ರಿ?

ಬಾದಾಮಿ ಮಾಸ್ತರ:
ಖರೇನ ಇರಬಹುದ್ರಿ. ಇಲ್ಲಿಯ ಗುಡಿಗಳು ಮರಳುಗಲ್ಲಿನವು. ನೆಲದ ತೇವ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ, ಜೊತೆಗೆ ಯೂರಿಯಾದಿಂದಾದ ನೈಟ್ರೇಟು, ಬೋರಿನ ಸವಳು. ಬಿಸಿಲಿಗೆ ನೀರು ಆರಿದಾಗ ಉಪ್ಪು ಹರಳುಗಟ್ಟಿ ಕಲ್ಲನ್ನು ಒಳಗಿಂದಲೇ ಒಡೆಯುತ್ತದೆ. ತೇವ ಏರಿದಷ್ಟೇ ಎತ್ತರಕ್ಕೆ ಹಾನಿ. ಅದಕ್ಕೇ ಕಾಲು ಹೋಗಿ ಮುಖ ಉಳಿದದ್ದು. ಎರಿಮಣ್ಣು ಬೇರೆ ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ, ಅಡಿಪಾಯ ಅಲುಗುತ್ತದೆ. ಸಿಮೆಂಟ್ ಮಾತ್ರ ಮೆತ್ತಬ್ಯಾಡ್ರಿ, ತೇವ ಇನ್ನೂ ಮೇಲೇರುತ್ತದೆ.

ಗುಡಿ ಸುತ್ತುವಾಂವ:
ಟ್ರ್ಯಾಕ್ಟರೂ ಕಡಿಮೆ ಇಲ್ಲ. ಎತ್ತಿನ ಕುಂಟಿ ಮೇಲಷ್ಟೇ ಕೆರೆಯುತ್ತಿತ್ತು. ಪಲ್ಟಿ ನೇಗಿಲು ಕೆಳಗಿನ ಮಡಕೆ ಚೂರು, ಇಟ್ಟಿಗೆ ಎಲ್ಲ ಕಲಸಿಬಿಡುತ್ತದೆ. ಯಾವುದು ಯಾವ ಕಾಲದ ಪದರದ್ದೆಂದು ಹೇಳೋರು ಯಾರು? ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಪ್ರಾಚೀನ ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿಯಂತೆ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಆಮೇಲಿನ 200 ಮೀಟರಿಗೆ ಅನುಮತಿ ಬೇಕು. ಆದರೆ ಅದು ಕಟ್ಟಡ, ಗಣಿಯ ಮಾತು, ಕಬ್ಬಿಗೆ ಹಾಯಿಸೋ ನೀರಿನದ್ದಲ್ಲ.

ಎರಿಹೊಲದಾಂವ:
ಗುಡಿ ಮಗ್ಗಲ ಕಬ್ಬು ತಗದು ಜ್ವಾಳಾನ ಹಾಕ್ತೀನಿ, ಉಳಿದದ್ದಕ್ಕ ಡ್ರಿಪ್. ಬಸಿಗಾಲುವಿ ಎಲ್ಲಿ ತೋಡ್ಲಿ?

ಬಾದಾಮಿ ಮಾಸ್ತರ:
ಗುಡಿ ಬುಡದಾಗ ಅಗಿಬ್ಯಾಡ್ರಿ. ಕಬ್ಬಿನ ಅಂಚಿಗೆ ತೋಡ್ರಿ, ಇಳಿಜಾರು ಗುಡಿಯಿಂದ ಆಚೆಗಿರಲಿ.