ಅಪ್‌ಡೇಟ್: ಹಿಂದೂ ಹುಡುಗನ ಜೊತೆ ಚರ್ಚ್‌ನಲ್ಲಿ ಮದುವೆ, ಅನುಮತಿ ಸಿಕ್ಕಿತು

ನಾನು ಮುಂಬೈನ ಅಂಧೇರಿಯಲ್ಲಿರುವ ಕ್ಯಾಥೊಲಿಕ್ ಹುಡುಗಿ, ಅವನು ಧಾರವಾಡದ ಹಿಂದೂ. ಅವನು ಮತ ಬದಲಾಯಿಸದೆ ಚರ್ಚ್‌ನಲ್ಲಿ ಮದುವೆ ಆಗಬಹುದಾ ಅಂತ ಇಲ್ಲಿ ಕೇಳಿದ್ದೆ. ಆಗಬಹುದು. ಅದಕ್ಕೆ ಬಿಷಪ್ ಕಡೆಯಿಂದ ವಿಶೇಷ ಅನುಮತಿ ಬೇಕು. ನಮ್ಮ ಫಾದರ್ ಅರ್ಜಿ ಕಳಿಸಿದರು, ಬಂದಿದೆ.

ಮಕ್ಕಳ ವಿಷಯಕ್ಕೆ ಅವನ ಅಮ್ಮ ತುಂಬಾ ಹೆದರಿದ್ದರು. ಮಕ್ಕಳಿಗೆ ಜ್ಞಾನಸ್ನಾನ (ಕ್ರೈಸ್ತರಾಗಿ ಸೇರಿಸಿಕೊಳ್ಳುವ ಬ್ಯಾಪ್ಟಿಸಂ) ಕೊಡಿಸಲು ಕೈಲಾದಷ್ಟು ಪ್ರಯತ್ನ ಮಾಡುತ್ತೇನೆ ಅಂತ ಮಾತು ಕೊಡಬೇಕಾದವಳು ನಾನು ಮಾತ್ರ. ಅವನಿಗೆ ಅದನ್ನು ತಿಳಿಸುತ್ತಾರೆ, ಅವನಿಂದ ಮಾತು ತೆಗೆದುಕೊಳ್ಳುವುದಿಲ್ಲ. ಆದರೂ ನಾವಿಬ್ಬರೂ ಇದನ್ನು ಮೊದಲೇ ಕೂತು ಮಾತಾಡಿದ್ದು ಒಳ್ಳೆಯದಾಯಿತು. ಮಗು ಹುಟ್ಟಿದ ಮೇಲೆ ಜಗಳ ಆಡುವ ವಿಷಯ ಇದಲ್ಲ.

ನಿಜವಾಗಿ ಕಷ್ಟ ಆಗಿದ್ದು ಧಾರೆ. ಒಂದೇ ಮದುವೆಗೆ ಇನ್ನೊಂದು ಧಾರ್ಮಿಕ ವಿಧಿಯಲ್ಲಿ ಮತ್ತೆ ಒಪ್ಪಿಗೆ ಕೊಡುವುದನ್ನು ಚರ್ಚ್ ನಿಯಮ ಒಪ್ಪುವುದಿಲ್ಲ. ಅವನ ಅಮ್ಮ ಅತ್ತರು. ನನಗೂ ಸಂಕಟ ಆಯಿತು, ಒಬ್ಬನೇ ಮಗ ಅಲ್ವಾ. ಕೊನೆಗೆ ಅವರೇ, 'ಅರಿಶಿನ ಹಚ್ಚಿ, ಊರವರಿಗೆಲ್ಲ ಊಟ ಹಾಕೋಣ, ಸಾಕವ್ವ' ಅಂದರು. ಆ ದೊಡ್ಡ ಮನಸ್ಸನ್ನು ನಾನು ಮರೆಯಲ್ಲ.

ನಮ್ಮ ಚಿಕ್ಕಪ್ಪ ಮಾತ್ರ, ಅವಿಶ್ವಾಸಿಗಳ ಜೊತೆ ನೊಗ ಹೂಡಬೇಡಿ ಅನ್ನುವ, ಬೈಬಲ್‌ನಲ್ಲಿರುವ ಸಂತ ಪೌಲನ ಮಾತನ್ನೇ ಹಿಡಿದಿದ್ದಾರೆ. ಅದೇ ಪೌಲ, ನಂಬದ ಗಂಡ ಜೊತೆಗಿರಲು ಒಪ್ಪಿದರೆ ಹೆಂಡತಿ ಅವನನ್ನು ಬಿಡಬಾರದು ಅಂತಲೂ ಬರೆದಿದ್ದಾನೆ. ಅದು ಆಗಲೇ ಮದುವೆಯಾದವರಿಗೆ ಹೇಳಿದ್ದು, ನಿಜ. ಆದರೂ ಅಂಥ ಮನೆಯಲ್ಲೂ ದೇವರ ಕೃಪೆ ಇರುತ್ತದೆ ಅಂತ ನಾನು ನಂಬುತ್ತೇನೆ.

ಕಾನೂನಿನ ಬಗ್ಗೆ ಕೇಳಿದವರಿಗೆ: 1872ರ ಕ್ರಿಶ್ಚಿಯನ್ ವಿವಾಹ ಕಾಯ್ದೆಗೆ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾದರೆ ಸಾಕು. ಮದುವೆ ಜನವರಿಯಲ್ಲಿ.