ಕಥೆ ಏನಪ್ಪಾ ಅದರದ್ದು?

ಇಂಟರ್‌ವಲ್ ಬಿಟ್ಟಾಗ ನಾವು ಮೂವರು ಎದ್ದು ಹೊರಗೆ ಬಂದೆವು. ನಾಲ್ಕನೆಯವನು ಏಳಲಿಲ್ಲ. ಟೈಟಲ್ ಮುಗಿಯುವ ಮೊದಲೇ ಮಲಗಿದ್ದ. ಅವನಿಗೆ ನಾವಿಟ್ಟ ಹೆಸರು ಕ್ಲೈಮ್ಯಾಕ್ಸ್. ದಾವಣಗೆರೆಯ ಎಲ್ಲಾ ಟಾಕೀಸಿನಲ್ಲೂ ನಿದ್ದೆ ಮಾಡಿದ ಮನುಷ್ಯ. ಕೊನೆ ಫೈಟಿನ ಸದ್ದಿಗೆ ಸರಿಯಾಗಿ ಎದ್ದು ಕೂತು, ಕಣ್ಣು ಉಜ್ಜಿಕೊಂಡು "ಚೆನ್ನಾಗಿತ್ತು ಕಣ್ರಪ್ಪ" ಅನ್ನುತ್ತಾನೆ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿ ಲೆಕ್ಕ ಬರೆಯುತ್ತಾನೆ, ಮನೆಯಲ್ಲಿ ಮೂರು ಮಕ್ಕಳು. ಕತ್ತಲೆ, ಫ್ಯಾನು, ಯಾರೂ ಕೂಗದ ಎರಡೂವರೆ ಗಂಟೆ. ಅವನಿಗೆ ಎಲ್ಲಾ ಪಿಕ್ಚರೂ ಸೂಪರ್ ಹಿಟ್.

ಹೊರಗೆ ಮಿರ್ಚಿ ಗಾಡಿ. ಪೇಪರ್ ಮೇಲೆ ನರ್ಗಿಸ್ ಮಂಡಕ್ಕಿ, ಮೇಲೆ ಎರಡು ಮಿರ್ಚಿ. ಬಿಸಿ ಮಿರ್ಚಿ ಊದಿಕೊಳ್ಳುತ್ತಾ ಮೇಷ್ಟ್ರು ಕೇಳಿದರು, "ಒಳಗೆ ವಾಪಸ್ ಹೋಗಲೇಬೇಕಾ?"

ಮೇಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆದವರು. ಹುಟ್ಟಿದ್ದು ಚಿತ್ರದುರ್ಗ. ಮೂವತ್ತು ವರ್ಷದಿಂದ ಇಲ್ಲೇ ಇದ್ದರೂ "ನಮ್ಮ ದುರ್ಗದಲ್ಲಿ" ಅಂತಲೇ ಮಾತು ಶುರು. ಇನ್ನೊಬ್ಬನಿಗೆ ನಾವಿಟ್ಟ ಹೆಸರು ಫಸ್ಟ್ ಶೋ. ತಾಲ್ಲೂಕು ಆಫೀಸಿನ ಎದುರು ಜೆರಾಕ್ಸ್ ಅಂಗಡಿ. ಶುಕ್ರವಾರ ಬೆಳಗ್ಗೆ ಯಾರಾದರೂ ಪಹಣಿ ಹಿಡಿದು ಬಂದರೆ ಅಂಗಡಿ ಬಾಗಿಲು ಹಾಕಿರುತ್ತೆ. ಇವತ್ತು ಟಿಕೆಟ್ ತೆಗೆದವನು ಅವನೇ. ಅದಕ್ಕೆ ಅವನು ಸೋಲುವ ಹಾಗಿರಲಿಲ್ಲ.

"ಸಾರ್, ಸೆಕೆಂಡ್ ಹಾಫ್‌ನಲ್ಲಿ ಎತ್ತುತ್ತೆ" ಅಂದ.

"ಎತ್ತೋದು ಬೇಡಪ್ಪ. ಇಳಿಸಿದರೆ ಸಾಕು" ಅಂದರು ಮೇಷ್ಟ್ರು.

ಪಿಕ್ಚರ್ ಹೆಸರು ಹೇಳಲ್ಲ. ಹೀರೋ ಹೆಸರಂತೂ ಹೇಳಲ್ಲ, ನಮಗೂ ಊರಲ್ಲಿ ಓಡಾಡಬೇಕು. ಅವನ ಎಂಟ್ರಿ ಮಾತ್ರ ಹೇಳುತ್ತೇನೆ. ಮೊದಲು ಬೂಟು ಬಂತು. ಆಮೇಲೆ ಕೈ. ಕೈಯಲ್ಲಿ ಕಡಗ. ಆಮೇಲೆ ಬೆನ್ನು. ಚೀಟಿ ದುಡ್ಡು ಬಂದ ಹಾಗೆ ಕಂತು ಕಂತಾಗಿ ಬಂದ. ಮುಖ ಬರುವಷ್ಟರಲ್ಲಿ ನನ್ನ ಪಕ್ಕದ ಮಗು ಒಂದು ಪ್ಯಾಕೆಟ್ ಚಿಪ್ಸ್ ಮುಗಿಸಿ ಉಚ್ಚೆಗೆ ಹೋಗಿ ಬಂದಿತ್ತು. ಅದಕ್ಕೂ ಮುಂಚೆ ಅರ್ಧ ಗಂಟೆ ಎಲ್ಲರೂ ಅವನ ಬಗ್ಗೆಯೇ ಮಾತಾಡಿದರು. ಪೊಲೀಸರು ಹೆದರಿಕೊಂಡು ಮಾತಾಡಿದರು, ಮಂತ್ರಿ ಬೆವರು ಒರೆಸಿಕೊಂಡು ಮಾತಾಡಿದ, ಒಬ್ಬ ಅಜ್ಜ ಬೆಟ್ಟದ ಮೇಲೆ ಕೂತು ಸುಮ್ನೆ ನಕ್ಕ. ಆ ಅಜ್ಜ ಯಾರು ಅಂತ ಇಂಟರ್‌ವಲ್ ಆದರೂ ಗೊತ್ತಾಗಲಿಲ್ಲ.

"ನಾನು ಮನೆಗೆ ಹೋದರೆ ಅಮ್ಮ ಕೇಳುತ್ತಾಳೆ ಕಣ್ರಿ" ಅಂದೆ. "ಅದೇ ಭಯ."

ನಾನು ಪಿಕ್ಚರ್ ಹುಚ್ಚನಲ್ಲ. ತಿಂಗಳಿಗೊಂದು, ಅದೂ ಯಾರಾದರೂ ಟಿಕೆಟ್ ತೆಗೆದರೆ. ಆದರೆ ಯಾವುದೇ ಪಿಕ್ಚರ್ ನೋಡಿ ಬಂದರೂ, ಊಟಕ್ಕೆ ಕೂತಾಗ ಅಮ್ಮನದು ಒಂದೇ ಪ್ರಶ್ನೆ: "ಕಥೆ ಏನಪ್ಪಾ ಅದರದ್ದು?" ಕ್ಯಾಮೆರಾ ಹೇಗಿತ್ತು, ಎಷ್ಟು ಕೋಟಿ ಆಯಿತು, ಇದ್ಯಾವುದೂ ಅವಳಿಗೆ ಬೇಡ. ಯಾರು, ಯಾರಿಗೆ, ಏನು ಮಾಡಿದರು? ಯಾಕೆ? ಆಮೇಲೆ? ಕಥೆ ಎರಡು ರೊಟ್ಟಿ ಮುಗಿಯುವ ತನಕ ಬಂದರೆ ಪಿಕ್ಚರ್ ಪಾಸು. ಮೊದಲನೇ ರೊಟ್ಟಿಗೇ ಮುಗಿದರೆ ಫೇಲು. ಪೇಪರಿನವರು ಕೊಡುವ ಸ್ಟಾರಿಗಿಂತ ನನಗೆ ಈ ರೊಟ್ಟಿ ಲೆಕ್ಕವೇ ಜಾಸ್ತಿ ನಂಬಿಕೆ.

"ಇವತ್ತಿಂದು ಹೇಳು ನೋಡೋಣ" ಅಂದರು ಮೇಷ್ಟ್ರು.

"ಒಬ್ಬ ಇದ್ದ. ಎಲ್ಲರೂ ಅವನ ಬಗ್ಗೆ ಮಾತಾಡಿದರು. ಅವನು ಬಂದ. ಹೊಡೆದ."

"ಆಮೇಲೆ?"

"ಆಮೇಲೆ ಮಿರ್ಚಿ."

ಅಮ್ಮನಿಗೆ ಈ ಚಟ ಹತ್ತಿದ್ದು 1972ರ ಕೊನೆಗೆ ಬಂದ 'ನಾಗರಹಾವು' ನೋಡಿದ ಮೇಲೆ. ಆಗವಳು ದುರ್ಗದಲ್ಲಿ ಹೊಸ ಸೊಸೆ. ದಿನಾ ಕಣ್ಣಿಗೆ ಬೀಳುವ ಕೋಟೆ, ಅದೇ ಬಂಡೆ, ಪರದೆ ಮೇಲೆ ಅಷ್ಟು ದೊಡ್ಡದಾಗಿ ಬಂದಿದ್ದು ನೋಡಿ ಅರ್ಧ ಓಣಿ ಟಾಕೀಸಿಗೆ ಹೋಯಿತಂತೆ. ಇನ್ನರ್ಧಕ್ಕೆ ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ. ಅವರಿಗೆಲ್ಲಾ ಕಥೆ ಹೇಳಿದ್ದು ಅಮ್ಮ. ಸುಮ್ನೆ ಅಲ್ಲ, ಅವಳು ಕಥೆ ಹೇಳುತ್ತಿದ್ದರೆ ಬೇರೆಯವರು ಅವಳ ಪಾಲಿನ ಅಕ್ಕಿ ಆರಿಸಿ ಕೊಡಬೇಕು. ಜಯಂತಿ ಓಬವ್ವ ಆಗಿ ಒನಕೆ ಎತ್ತುವ ಭಾಗ ಬಂದಾಗ ಮೊರ ಹಿಡಿದ ಕೈ ನಿಂತುಬಿಡುತ್ತಿದ್ದವಂತೆ. ಮೂರು ದಿನ ನಡೆಯಿತಂತೆ ಕಥೆ. ಪಿಕ್ಚರ್ ಇದ್ದಿದ್ದು ಮೂರು ಗಂಟೆ!

"ಮೂರು ದಿನ ಆಗದೇ ಇರುತ್ತಾ?" ಅಂದರು ಮೇಷ್ಟ್ರು. ದುರ್ಗದ ಹೆಸರು ಕೇಳಿ ಮುಖ ಅರಳಿತ್ತು. "ತರಾಸು ಅವರದು ಮೂರು ಕಾದಂಬರಿ ಕಣಯ್ಯ. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಮೂರನ್ನೂ ಸೇರಿಸಿ ಪುಟ್ಟಣ್ಣ ಒಂದು ಪಿಕ್ಚರ್ ಮಾಡಿದರು. ಈಗ ನೋಡು, ಒಂದು ಸಾಲಿನ ಕಥೆ ಹಿಗ್ಗಿಸಿ ಮೂರು ಭಾಗ ಮಾಡುತ್ತಾರೆ."

"ಆದರೂ ತರಾಸು ಅವರಿಗೆ ಪಿಕ್ಚರ್ ಹಿಡಿಸಲಿಲ್ಲ ಅಲ್ವಾ ಸಾರ್? ನಾಗರಹಾವು ಹೋಗಿ ಕೇರೆಹಾವು ಆಯಿತು ಅಂದರಂತೆ" ಅಂದೆ ನಾನು.

"ಅಂದರಂತೆ. ಬರೆದವರಿಗೆ ಆ ಹಕ್ಕಿದೆ. ದುರ್ಗದವರು ಅವರು."

ಫಸ್ಟ್ ಶೋ ಬಾಯಲ್ಲಿ ಮಂಡಕ್ಕಿ ಇಟ್ಟುಕೊಂಡೇ ಮಧ್ಯೆ ಬಂದ. "ಎಲ್ಲಿ ದುರ್ಗದವರು ಸಾರ್? ತರಾಸು ಹುಟ್ಟಿದ್ದು ಮಲೇಬೆನ್ನೂರು. ನಮ್ಮ ಹರಿಹರ ತಾಲ್ಲೂಕು."

"ಆಗ ಹರಿಹರ ಯಾವ ಜಿಲ್ಲೆಯಪ್ಪ? ನೀವು ದಾವಣಗೆರೆಯವರು ಬೇರೆ ಮನೆ ಮಾಡಿದ್ದು 1997ರಲ್ಲಿ. ಅದಕ್ಕೂ ಮುಂಚೆ ಎಲ್ಲಾ ನಮ್ಮದೇ. ನಿನ್ನ ಬೆಣ್ಣೆದೋಸೆಯೂ ನಮ್ಮ ಜಿಲ್ಲೆಯದೇ."

ದೋಸೆ ತನಕ ಹೋದರೆ ಜಗಳ ಬಗೆಹರಿಯಲ್ಲ. ನಾನು ಮಾತು ತಿರುಗಿಸಲು ಹೋಗಿ ಇನ್ನೊಂದು ಎಡವಟ್ಟು ಮಾಡಿದೆ. "ನಮ್ಮಮ್ಮನ ಅಭಿಪ್ರಾಯ ಏನು ಗೊತ್ತಾ ಸಾರ್? ರಾಮಾಚಾರಿ ಹಾಳಾಗಿದ್ದು ಚಾಮಯ್ಯ ಮೇಷ್ಟ್ರಿಂದ. ಅಲಮೇಲು ವಿಷಯದಲ್ಲಿ ಅವರು ಬಾಯಿ ಹಾಕದೇ ಇದ್ದಿದ್ದರೆ ಎಲ್ಲರೂ ಬದುಕುತ್ತಿದ್ದರಂತೆ."

ಮೇಷ್ಟ್ರು ಮಿರ್ಚಿ ಕೆಳಗಿಟ್ಟರು. ಚಾಮಯ್ಯ ಆಗಿದ್ದ ಅಶ್ವತ್ಥ್ ಅವರಿಗೆ ಬೈದ ಹಾಗಾಯಿತೋ, ರಾಜ್ಯದ ಶಿಕ್ಷಕರಿಗೆಲ್ಲಾ ಬೈದ ಹಾಗಾಯಿತೋ. "ನಿಮ್ಮ ತಾಯಿ ದೊಡ್ಡವರು. ನಾನೇನೂ ಹೇಳಲ್ಲ" ಅಂದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಆದರೆ ಮೇಷ್ಟ್ರು ಮಾತು ಕೇಳೋ ಶಿಷ್ಯ ಇದ್ದ ಅಲ್ವಾ, ಅದನ್ನು ನೋಡು" ಅಂದರು. ಅವರ ಶಿಷ್ಯ ಫಸ್ಟ್ ಶೋ ಆಗಲೇ ಮೂರನೇ ಮಿರ್ಚಿಗೆ ಕೈ ಹಾಕಿದ್ದ.

ಫಸ್ಟ್ ಶೋ ಅಂದರೆ ಬರೀ ಹೊಡೆದಾಟದ ಗಿರಾಕಿ ಅಂದುಕೊಂಡಿದ್ದೆ. ಅವನ ಮೆಚ್ಚಿನ ಪಿಕ್ಚರ್ 'ತಿಥಿ' ಅಂತ ಗೊತ್ತಾದಾಗ ನನಗೇ ಆಶ್ಚರ್ಯ. 2016ರಲ್ಲಿ ಬಂದಿದ್ದು. ಮಂಡ್ಯ ಕಡೆ ಹಳ್ಳಿ ಜನರೇ ನಟಿಸಿದ್ದಾರೆ, ಒಬ್ಬರೂ ಸ್ಟಾರ್ ಇಲ್ಲ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಮಗ ಗಡ್ಡಪ್ಪ ಯಾವುದೂ ತನಗೆ ಸಂಬಂಧ ಇಲ್ಲ ಅಂತ ಓಡಾಡಿಕೊಂಡಿರುತ್ತಾನೆ. ಮೊಮ್ಮಗ ಜಮೀನು ಮಾರಲು ಬದುಕಿರುವ ಅಪ್ಪನನ್ನೇ ಸತ್ತ ಅಂತ ಕಾಗದ ಮಾಡಿಸಲು ಹೊರಡುತ್ತಾನೆ.

"ಅದು ನನ್ನ ಅಂಗಡಿ ಕಥೆ ಕಣಲೇ!" ಅಂದ. "ಬದುಕಿರೋರ ಮರಣ ಪತ್ರ, ಸತ್ತೋರ ಹೆಸರಿನ ಪಹಣಿ, ಜನ ಏನೇನು ಹಿಡಿದುಕೊಂಡು ಬರುತ್ತಾರೆ ಗೊತ್ತಾ ನಿನಗೆ? ಪಿಕ್ಚರ್ ನೋಡುವಾಗ ಮುಂದೆ ಯಾವ ಕಾಗದ ಬೇಕಾಗುತ್ತೆ ಅಂತ ಕೂತಲ್ಲೇ ಹೇಳಿದೆ. ಪಕ್ಕದವನು ಹೆದರಿಬಿಟ್ಟ."

"ಅಮ್ಮನ ಲೆಕ್ಕದಲ್ಲಿ?" ಅಂತ ಮೇಷ್ಟ್ರು ಕೇಳಿದರು.

ಎರಡೂವರೆ ರೊಟ್ಟಿ. ಆಮೇಲೆ ಒಂದು ವಾರ ಅಮ್ಮ ನಮ್ಮ ದೊಡ್ಡಪ್ಪನ ಜಮೀನಿನ ವಿಷಯ ಎತ್ತಿ ಮನೆಯಲ್ಲಿ ನಿದ್ದೆ ಇರಲಿಲ್ಲ, ಅದು ಬೇರೆ ಮಾತು.

2018ರ 'ಕೆಜಿಎಫ್' ಕೂಡ ಅಮ್ಮನ ಹತ್ತಿರ ಪಾಸಾಗಿತ್ತು. ಬಂದೂಕು, ಚಿನ್ನ ಯಾವುದನ್ನೂ ಅವಳು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. "ಸಾಯುವಾಗ ತಾಯಿ ಒಂದು ಮಾತು ತಗೊಂಡಳು. ಮಗ ಉಳಿಸಿಕೊಂಡ" ಅಂತ ಒಂದೇ ಉಸಿರಿಗೆ ಹೇಳಿ, ನನ್ನ ಮುಖ ನೋಡಿದಳು. ಕಷ್ಟ ಅದಾದ ಮೇಲೆ ಶುರುವಾಯಿತು. ಎಲ್ಲರೂ ಆ ಪಿಕ್ಚರಿನ ಮಸಿ ಬಣ್ಣ ತೆಗೆದುಕೊಂಡರು, ಆ ತಾಯಿಯನ್ನು ಬಿಟ್ಟರು. ಈಗ ಪಿಕ್ಚರ್‌ನಲ್ಲಿ ಮದುವೆ ಮನೆಯೂ ಕಪ್ಪು. ಕರೆಂಟ್ ಹೋಗಿದೆಯಾ ಅಂತ ತಿರುಗಿ ನೋಡಬೇಕು.

"ಒಳ್ಳೇದೂ ಬರುತ್ತಿವೆ ಬಿಡು" ಅಂದ ಫಸ್ಟ್ ಶೋ. "'ಸು ಫ್ರಮ್ ಸೋ' ಇಲ್ವಾ?"

ಅದು 2025ರ ಜುಲೈನಲ್ಲಿ ಬಂದಿದ್ದು. ಕರಾವಳಿಯ ಒಂದು ಹಳ್ಳಿ. ಹುಡುಗನೊಬ್ಬನ ಮೈಮೇಲೆ ದೆವ್ವ ಬಂದಿದೆ ಅಂತ ಗುಲ್ಲು. ದೆವ್ವ ಯಾರು ಅಂದರೆ ಸೋಮೇಶ್ವರದ ಸುಲೋಚನ. ನಿರ್ದೇಶನ ಮಾಡಿದ ಜೆ.ಪಿ. ತುಮಿನಾಡು ಅವರೇ ಆ ಹುಡುಗ. ನಮ್ಮ ಫಸ್ಟ್ ಶೋ ಮೊದಲ ದಿನ ಅದರ ಹತ್ತಿರವೂ ಹೋಗಿರಲಿಲ್ಲ. ಕಟೌಟ್ ಇಲ್ಲ, ಹಾರ ಹಾಕುವುದು ಯಾರಿಗೆ ಅಂತ. ಅಂಗಡಿಗೆ ಬಂದವರೆಲ್ಲಾ ನಕ್ಕೋತ ಹೇಳಿದ ಮೇಲೆ ಹತ್ತನೇ ದಿನ ಹೋದ. ಜೀವನದಲ್ಲಿ ಮೊದಲ ಸಲ ಬೇರೆಯವರ ಮಾತು ಕೇಳಿ ಪಿಕ್ಚರ್‌ಗೆ ಹೋದೆ ಅಂತ ಈಗಲೂ ನಾಚಿಕೊಳ್ಳುತ್ತಾನೆ.

"ನೋಡ್ರಯ್ಯ" ಅಂದರು ಮೇಷ್ಟ್ರು, ಬೋರ್ಡಿನ ಮುಂದೆ ನಿಂತ ಹಾಗೆ. "ಕನ್ನಡದ ಮೊದಲ ಟಾಕಿ 1934ರ 'ಸತಿ ಸುಲೋಚನ'. ತೊಂಬತ್ತು ವರ್ಷ ಆದಮೇಲೆ ಮತ್ತೆ ಸುಲೋಚನ ಬಂದೇ ಜನ ಟಾಕೀಸಿಗೆ ಬರಬೇಕಾಯಿತು."

"ಆವತ್ತು ಸತಿ, ಈವತ್ತು ದೆವ್ವ" ಅಂದ ಫಸ್ಟ್ ಶೋ.

ಇಷ್ಟು ಹೊತ್ತು ಸುಮ್ಮನೆ ಕಡ್ಲೆಹಿಟ್ಟು ಕಲಸುತ್ತಿದ್ದ ಮಿರ್ಚಿ ಅಣ್ಣ ತಲೆ ಎತ್ತಿದ. "ಆ ಪಿಕ್ಚರ್ ನನ್ನ ಹೊಟ್ಟೆ ಮೇಲೆ ಹೊಡೀತು ಸ್ವಾಮಿ. ಬೆಲ್ ಹೊಡೆಯೋದಕ್ಕೆ ಮುಂಚೆನೇ ಎಲ್ಲಾ ಅರ್ಧ ಮಿರ್ಚಿ ಬಿಟ್ಟು ಒಳಗೆ ಓಡೋರು. ಎರಡನೇ ಪ್ಲೇಟ್ ಕೇಳೋರೇ ಇಲ್ಲ."

"ಮತ್ತೆ ಇದು ಹೇಗೆ?"

ಅವನು ಬಾಣಲೆ ಕಡೆ ಕೈ ತೋರಿಸಿದ. ಐದನೇ ಒಬ್ಬೆ ಮಿರ್ಚಿ ಎಣ್ಣೆಗೆ ಬಿದ್ದಿತ್ತು. "ಬೆಲ್ ಹೊಡೆದು ಇಪ್ಪತ್ತು ನಿಮಿಷ ಆಯಿತು. ನೀವು ಇಲ್ಲೇ ಇದೀರಿ. ಈ ವಾರ ಪೂರ್ತಿ ಇರಲಿ ಅಂತ ದೇವರಿಗೆ ಕೈ ಮುಗಿದಿದೀನಿ."

ತಿರುಗಿ ನೋಡಿದರೆ ಹೌದು. ಅರ್ಧ ಬಾಲ್ಕನಿ ಗಾಡಿ ಸುತ್ತಲೇ ಇತ್ತು.

ಮನೆಗೆ ಹೋಗೋಣ ಅಂತ ಮೂವರೂ ಒಪ್ಪಿದೆವು. ಫಸ್ಟ್ ಶೋ ಕೂಡ, ದುಡ್ಡಿನ ನೋವು ನುಂಗಿಕೊಂಡು. ಆಗ ಮೇಷ್ಟ್ರಿಗೆ ನೆನಪಾಯಿತು, ಸೀಟು ಹಿಡಿಯಲು ಇಟ್ಟ ಕೊಡೆ ಒಳಗೇ ಇದೆ. ಕ್ಲೈಮ್ಯಾಕ್ಸ್ ಆಮೇಲೆ ನೆನಪಾದ.

ಒಳಗೆ ಹೋದಾಗ ಕಾರುಗಳು ಹಾರುತ್ತಿದ್ದವು. ಕ್ಲೈಮ್ಯಾಕ್ಸ್ ಕೊಡೆ ತಬ್ಬಿಕೊಂಡು ಮಲಗಿದ್ದ. ಅಲ್ಲಾಡಿಸಿದೆ. "ಲೇ, ಕಥೆ ಎಲ್ಲಿಗೆ ಬಂತೋ? ಅಮ್ಮ ಕೇಳುತ್ತಾಳೆ."

ಕಣ್ಣು ಬಿಡದೇ ಹೇಳಿದ. "ವಿಲನ್ ಇವನ ಅಣ್ಣ. ಚಿಕ್ಕವರಿದ್ದಾಗ ಜಾತ್ರೇಲಿ ತಪ್ಪಿಸಿಕೊಂಡಿದ್ದ. ತೋಳಿನ ಮೇಲೆ ಹಚ್ಚೆ ಇರುತ್ತೆ. ಬೆಟ್ಟದ ಮೇಲೆ ನಕ್ಕಿದ್ದು ಇವರ ಅಜ್ಜ. ಯಾರೂ ಸಾಯಲ್ಲ, ಎರಡನೇ ಭಾಗ ಇದೆ."

"ನೀನು ಯಾವಾಗ ನೋಡಿದೆ?"

"ನಾನೆಲ್ಲಿ ನೋಡಿದೆ? ಈಗ ತಾನೇ ನೀನು ಎಬ್ಬಿಸಿದ್ದು."

ಪರದೆ ಮೇಲೆ ಹೀರೋ ವಿಲನ್ನಿನ ರಟ್ಟೆ ಹಿಡಿದು ಎಳೆದ. ಅಂಗಿ ಹರಿಯಿತು. ಹಚ್ಚೆ ಇತ್ತು. ಫಸ್ಟ್ ಶೋ ಎದ್ದು ನಿಂತು ಸೀಟಿ ಹೊಡೆದ, ಪರದೆಗಲ್ಲ, ಕ್ಲೈಮ್ಯಾಕ್ಸ್‌ಗೆ.

ರಾತ್ರಿ ಅಮ್ಮ ತಟ್ಟೆ ಮುಂದೆ ಕೂತು ಕೇಳಿಯೇ ಕೇಳಿದಳು. ನಾನು ಪಿಕ್ಚರ್ ಬಿಟ್ಟು ಇದನ್ನೆಲ್ಲಾ ಹೇಳಿದೆ. ಮೇಷ್ಟ್ರ ಸಿಟ್ಟು, ಜೆರಾಕ್ಸ್ ಅಂಗಡಿ, ಮಿರ್ಚಿ ಅಣ್ಣನ ಹರಕೆ, ಕೊಡೆ ತಬ್ಬಿಕೊಂಡವನು. ಎರಡನೇ ರೊಟ್ಟಿ ಮುಗಿಯಿತು. ಮೂರನೆಯದು ಮುರಿಯುತ್ತಾ ಅಮ್ಮ ಕೇಳಿದಳು, "ಆ ಮಲಗಿದ್ದ ಹುಡುಗ ಯಾರ ಮಗನಪ್ಪಾ?"